ಕಣ್ಣಿಗಿಟ್ಟ ಗಂಧ

“ಬುದ್ಧಿ, ಫೋಟೊ ಸ್ಪಷ್ಟವಾಗಿ ಬರಬೇಕಾದರೆ ಇನ್ನೂ ಒಳ್ಳೆಯ ಫೋನೇ ಬೇಕೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಮಠದ ತಾಳೆಗರಿಗಳ ಫೋಟೊ ತೆಗೆಯುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ತಾವೇ ಫೋನಿಗೆ ವಿಭೂತಿ ಹಚ್ಚಿ ಅವನ ಕೈಗೆ ಕೊಟ್ಟಿದ್ದರು. ಹುಳು ತಿಂದ ಗರಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಗರಿಗಳ ಕಟ್ಟನ್ನು ಹೆಚ್ಚೆಂದರೆ ಇನ್ನೊಂದೇ ಸಲ ಬಿಚ್ಚಬಹುದು. ಆಮೇಲೆ ಬಿಚ್ಚಲು ಏನೂ ಉಳಿಯದು. ಚನ್ನವೀರ ಬೇರೆ ಬೇರೆ ಗರಿಗಳ ಮೇಲೆ ಬೆಳಕು ಬದಲಿಸಿ ನೋಡಿದ್ದ. ಫೋನು ಅಲುಗದಂತೆ ಪುಸ್ತಕಗಳ ನಡುವೆ ನಿಲ್ಲಿಸಿದ್ದ. ಸೆಟ್ಟಿಂಗುಗಳನ್ನೆಲ್ಲ ಬದಲಾಯಿಸಿದ್ದ. ಅಕ್ಷರಗಳ ಮೇಲಿನ ಮಬ್ಬು ಮಾತ್ರ ಹೋಗಿರಲಿಲ್ಲ.

ಗುರುಗಳು ಫೋನನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು:

“ಒಬ್ಬ ನೇಕಾರನಿದ್ದ. ನೇಯ್ದ ಸೀರೆಗಳ ಫೋಟೊ ತೆಗೆದು ಪಟ್ಟಣದ ವ್ಯಾಪಾರಿಗೆ ಕಳಿಸುತ್ತಿದ್ದ. ಆಯುಧಪೂಜೆಯ ದಿನ ಮಗ್ಗಕ್ಕೆ, ಲಾಳಿಗೆ ಗಂಧವಿಟ್ಟ. ಅನ್ನ ಕೊಡುವುದರಲ್ಲಿ ಇದರ ಪಾಲೂ ಇದೆಯೆಂದು ಫೋನನ್ನೂ ಸಾಲಿನಲ್ಲಿಟ್ಟ. ‘ಇದರ ಹಣೆ ಯಾವ ಕಡೆ?’ ಎಂದು ಹೆಂಡತಿ ನಕ್ಕಳು. ‘ಕಣ್ಣಿರುವ ಕಡೆಯೇ ಹಣೆ’ ಎಂದು ಅವನು ಅಲ್ಲಿಗೇ ಗಂಧ ಬಳಿದ.

“ಮರುದಿನ ಒಂದು ಮದುವೆ ಮನೆಗೆಂದು ಗಿಳಿಹಸಿರು ಸೀರೆಯ ಫೋಟೊ ಕಳಿಸಿದ. ವ್ಯಾಪಾರಿ ನೋಡಿ, ‘ಏನಯ್ಯಾ, ಇದು ಹೊಸ ಸೀರೆಯೋ, ಹತ್ತು ಸಲ ಒಗೆದದ್ದೋ? ಸಂಜೆಯೊಳಗೆ ಸರಿಯಾದ ಫೋಟೊ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ’ ಎಂದ.

“ನೇಕಾರ ಸೀರೆಯನ್ನು ಬಿಸಿಲಿಗೆ ಹರಡಿದ. ಮಬ್ಬು ಹೆಚ್ಚಿತು. ನೆರಳಿಗೆ ತಂದ. ಕಡಿಮೆಯಾಯಿತು, ಹೋಗಲಿಲ್ಲ. ಬೇರೆ ಸೀರೆ ಇಟ್ಟ. ಅದೂ ಮಬ್ಬು. ಕೊನೆಗೆ ಬರೀ ಗೋಡೆಯ ಫೋಟೊ ತೆಗೆದ. ಗೋಡೆಯೂ ಬಣ್ಣಗೆಟ್ಟಂತೆ ಕಂಡಿತು.

“‘ರೀ, ಸೀರೆ ಬದಲಾಯಿತು, ಬೆಳಕು ಬದಲಾಯಿತು,’ ಎಂದಳು ಹೆಂಡತಿ. ‘ಹಾಗೇ ಉಳಿದಿರುವುದು ಆ ಗಂಧ. ಒರೆಸಿ.’

“‘ಪೂಜೆಯ ಗಂಧ. ತಾನಾಗಿ ಉದುರಬೇಕು. ಕೈಯಾರೆ ಒರೆಸುವುದುಂಟೇ?’

“‘ಹಬ್ಬದ ದಿನ ನನ್ನ ಕಣ್ಣಿಗೆ ಕುಂಕುಮ ಬಿದ್ದಿದ್ದರೆ, ತಾನಾಗಿ ಉದುರಲಿ ಅಂತ ಕಾಯುತ್ತಿದ್ದಿರಾ?’

“ನೇಕಾರ ಹೆಗಲ ಮೇಲಿನ ವಸ್ತ್ರದ ತುದಿಯನ್ನು ತುಸು ಒದ್ದೆ ಮಾಡಿ ಫೋನಿನ ಕಣ್ಣು ಒರೆಸಿದ. ಒಣ ತುದಿಯಿಂದ ಇನ್ನೊಮ್ಮೆ ಒರೆಸಿದ. ಸಂಜೆಗೆ ಮುಂಚೆಯೇ ವ್ಯಾಪಾರಿಯ ಉತ್ತರ ಬಂತು. ಅದೇ ಹಸಿರಿನಲ್ಲಿ ಇನ್ನೂ ಒಂದು ಸೀರೆ ಬೇಕಂತೆ.”

ಗುರುಗಳು ಫೋನನ್ನು ಹಿಂದಿರುಗಿಸಿದರು. ಚನ್ನವೀರ ಅದನ್ನು ಹೊರಳಿಸಿದ. ಕ್ಯಾಮೆರಾದ ಗಾಜಿನ ಮೇಲೆ ಬಿಳಿಯ ತೆಳು ಪೊರೆಯಿತ್ತು. ಅದು ಅವನಿಗೆ ಮೊದಲ ದಿನವೇ ಕಂಡಿತ್ತು. ಹಚ್ಚಿದ ಕೈ ಯಾರದೆಂದು ನೆನೆದು ಬೆರಳು ಹಿಂದೆ ಸರಿದಿತ್ತು.

“ಆದರೆ ಬುದ್ಧಿ, ಇದು ನಿಮ್ಮ ಕೈಯಾರೆ…” ಎಂದು ಅವನು ತಡವರಿಸಿದ.

ಗುರುಗಳು ತಮ್ಮ ಕಾವಿ ಶಲ್ಯದ ಅಂಚನ್ನು ಅವನತ್ತ ಚಾಚಿದರು.

“ನಾನು ಹಚ್ಚಿದ್ದೇ ಆದರೂ, ನೋಟಕ್ಕೆ ಅಡ್ಡ ಬಂದರೆ ಒರೆಸಿಬಿಡು.”