ಕಾವಲುಗಾರನ ನುಣುಪು

ಹಳೆಯ ಕಂಪ್ಯೂಟರ್ ಆಟವೊಂದರ ಕೋಟೆಯ ಮೇಲೆ ಭರಮಯ್ಯನೆಂಬ ಕಾವಲುಗಾರ ಇಪ್ಪತ್ತು ವರ್ಷದಿಂದ ನಿಂತಿದ್ದ. ಅವನ ಮೀಸೆ, ಭುಜ, ಕತ್ತಿ, ಎಲ್ಲದರ ಅಂಚೂ ಗರಗಸದ ಹಲ್ಲಿನ ಹಾಗೆ. ಅದೇ ಕಂಪ್ಯೂಟರಿನ ಹೊಸ ಆಟದ ಸಿಪಾಯಿಗಳು ಅವನನ್ನು ಕಂಡಾಗಲೆಲ್ಲ ಮುಸಿಮುಸಿ ನಗುತ್ತಿದ್ದರು. ಕೊನೆಗೊಂದು ದಿನ ಅವನು, ಎಲ್ಲ ಆಟಗಳ ಚಿತ್ರವನ್ನೂ ಪರದೆಗೆ ತರುವ ಗ್ರಾಫಿಕ್ಸ್ ಡ್ರೈವರಿನ ಮುಂದೆ ಕೈಮುಗಿದು ನಿಂತ.

“ಸ್ವಾಮಿ, ನನ್ನನ್ನು ನುಣುಪು ಮಾಡಿ.”

“ನಿನ್ನ ಆಟಕ್ಕೆ ಆ ವಿದ್ಯೆ ಬರುವುದಿಲ್ಲ,” ಎಂದಿತು ಡ್ರೈವರ್. “ಅದನ್ನು ಕೇಳದೆ ನಾನೇ ಮಾಡಬಲ್ಲೆ. ಆದರೆ ಮೀಸೆ ಯಾವುದು, ಬೆಟ್ಟ ಯಾವುದು ಎಂದು ನನಗೆ ತಿಳಿಯದು. ಪರದೆಯ ಮೇಲೆ ಕಂಡದ್ದನ್ನೆಲ್ಲ ಒಂದೇ ಸಮ ಸವರಿಬಿಡುತ್ತೇನೆ.”

“ಸವರಿಬಿಡಿ. ಈ ನಗೆಪಾಟಲು ಸಾಕಾಗಿದೆ.”

ಡ್ರೈವರ್ ಸವರಿತು. ಮೀಸೆ ರೇಷ್ಮೆಯಾಯಿತು, ಕತ್ತಿ ಬಾಳೆಯ ಸುಳಿಯಷ್ಟು ನಯವಾಯಿತು. ಹೊಸ ಸಿಪಾಯಿಗಳು ಬಾಯಿ ಮುಚ್ಚಿಕೊಂಡರು. ಭರಮಯ್ಯ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಅಂದೇ ಶತ್ರುಗಳು ಬಂದರು. ಪ್ರತಿ ಸಲವೂ ದೂರದ ಬೆಟ್ಟದ ಮೇಲೆ ಅವರ ಈಟಿಗಳ ಮೊನೆ ಒಡೆದ ಚುಕ್ಕಿಗಳಾಗಿ ಮಿಣಮಿಣ ಮಿನುಗುತ್ತಿತ್ತು. ಅದನ್ನು ಕಂಡೇ ಅವನು ಕಹಳೆ ಊದುತ್ತಿದ್ದ. ಇಂದು ಆ ಚುಕ್ಕಿಗಳೂ ಸವರಿಹೋಗಿ ಮಿನುಗು ಕಾಣಲಿಲ್ಲ. ದೂರದ ಬೆಟ್ಟ ನುಣ್ಣಗೇ ಅಲ್ಲವೇ ಇರುವುದು ಎಂದುಕೊಂಡು ಅವನು ಸುಮ್ಮನೆ ಮೀಸೆ ತಿರುವುತ್ತ ನಿಂತ.

ಈಟಿ ಎದೆಗೆ ನಾಟಿತು.

“ಮೊದಲೇ ಹೇಳಬಾರದಿತ್ತೆ?” ಎಂದ, ಬೀಳುತ್ತ.

“ಹೇಳಿದ್ದೆನಲ್ಲ,” ಎಂದಿತು ಡ್ರೈವರ್.

ಕೋಟೆಯ ಕಲ್ಲಿನ ಮೇಲೆ ಅವನ ರಕ್ತ ಹರಡಿತು. ಅದರ ಅಂಚೂ ಬಲು ನುಣುಪಾಗಿತ್ತು.