ಕರಿಬಸಯ್ಯನ ದಂಡು

ಹೊಳೆದಂಡೆ ಮಠದಲ್ಲಿ ಒಂದು ಪದ್ಧತಿ. ಶಿಷ್ಯರು ಜೋಳಿಗೆ ಹಿಡಿದು ಭಿಕ್ಷೆಗೆ ಹೊರಟರೆ ಗಂಟೆ ಹಿಡಿದವನು ಎಲ್ಲರಿಗಿಂತ ಮುಂದೆ. ವಾಪಸ್ ಬರುವಾಗ ಎಲ್ಲರಿಗಿಂತ ಹಿಂದೆ. ಅಂಗಳದಲ್ಲಿ ಗಂಟೆ ಕೇಳಿಸಿತು ಅಂದರೆ ಎಲ್ಲರೂ ಬಂದರು ಅಂತ ಅರ್ಥ. ಅಡುಗೆ ಗಂಗಣ್ಣ ಎಲೆ ಹಾಕಿ ಬಡಿಸಿಬಿಡುತ್ತಾನೆ.

ಅವತ್ತು ಗಂಟೆ ಕೇಳಿಸಿತು. ಗಂಗಣ್ಣ ಬಡಿಸಿದ. ಬಂದವನು ಕರಿಬಸಯ್ಯ ಒಬ್ಬನೇ. ಗಂಟೆ ಅವನ ಕೈಲಿ, ಕೋಪ ಮೂಗಿನ ತುದೀಲಿ.

"ಉಳಿದವರು?" ಅಂದರು ಗುರುಗಳು.

"ಹೊಳೆ ಕೆಸರಲ್ಲಿ ಹೂತ್ಕೊಂಡು ನಿಂತಿದ್ದಾರೆ ಬುದ್ಧಿ! ಸೇತುವೆ ಸುತ್ತು, ಹೊಳೆ ದಾಟಿದ್ರೆ ಹತ್ತಿರ ಅಂತ ನಾನೇ ದಾರಿ ತೋರಿಸ್ದೆ. ನಾನು ಸಲೀಸಾಗಿ ದಾಟಿದೆ. ಅವರು ಮೊಣಕಾಲುದ್ದ ಇಳಿದ್ರು. ಶಿಸ್ತೇ ಇಲ್ಲ!"

"ಅಕ್ಕಿ ಮೂಟೆ ಯಾರು ಹೊತ್ತಿದ್ರು?"

"ಅವರು."

"ನೀನು?"

ಕರಿಬಸಯ್ಯ ಗಂಟೆ ನೋಡಿಕೊಂಡ. ಮೈ ಉರಿಯಿತು. ಮೇಷ್ಟ್ರೊಬ್ಬರು ಕೊಟ್ಟ ನೆಪೋಲಿಯನ್ ಪುಸ್ತಕ ಓದಿ ಮುಗಿಸಿ ಅವನಿಗೆ ಇನ್ನೂ ವಾರ ಆಗಿರಲಿಲ್ಲ.

"ನೆಪೋಲಿಯನ್ ಹೀಗೆ ಮೂಟೆ ವಿಚಾರಿಸ್ಕೊಂಡು ಕೂತಿದ್ರೆ ಚಕ್ರವರ್ತಿ ಆಗ್ತಿದ್ನಾ ಬುದ್ಧಿ? ಯಾವುದೋ ದ್ವೀಪದ ಹುಡುಗ, ಫ್ರಾನ್ಸಿಗೇ ದೊರೆಯಾದ. ಪಟ್ಟದ ದಿನ ಪೋಪ್ ಬಂದು ಕೂತಿದ್ರೂ ಕಿರೀಟ ತಾನೇ ತಗೊಂಡು ತಾನೇ ಇಟ್ಕೊಂಡ!"

"ಪಾಪ, ಅಷ್ಟು ದೂರದಿಂದ ಬಂದವರಿಗೆ ಊಟ ಆದರೂ ಹಾಕಿದನಾ?"

"ತಮಾಷೆ ಬೇಡಿ ಬುದ್ಧಿ! ಲಕ್ಷಗಟ್ಟಲೆ ದಂಡು ಕಟ್ಕೊಂಡು ರಷ್ಯಾಕ್ಕೆ ನುಗ್ಗಿದ. ಅವನ ಹಿಂದೆ ಹೋದವರು ಹೀಗೆ ಗೊಣಗಲಿಲ್ಲ!"

"ಎಷ್ಟು ಜನ ವಾಪಸ್ ಬಂದ್ರು?"

ಕರಿಬಸಯ್ಯನ ದನಿ ಇಳಿಯಿತು. "ಹಿಮ ಬಿತ್ತು. ಹಸಿವು ಬೇರೆ. ಹೆಚ್ಚಿನವರು ಬರಲಿಲ್ಲ."

"ಅವನು?"

"ಅವನು... ಮುಂಚೇನೇ ಗಾಡಿ ಹತ್ತಿ ಬಂದ. ರಾಜಧಾನೀಲಿ ತುರ್ತು ಇತ್ತು."

"ಊಟಕ್ಕೆ ಹೊತ್ತಾಗಿತ್ತೇನೋ."

ಗಂಗಣ್ಣ ನಗು ತಡೆಯೋಕೆ ಸೌಟು ಕಚ್ಚಿಕೊಂಡ. ಕರಿಬಸಯ್ಯ ಕೆಂಪಗಾದ.

"ಕೊನೇಗೆ ಸೋತ, ಇನ್ಯಾವುದೋ ದ್ವೀಪದಲ್ಲಿ ಸೆರೆಯಲ್ಲೇ ಸತ್ತ, ಒಪ್ತೀನಿ! ಆದ್ರೆ ಅವನು ಬರೆಸಿದ ಕಾನೂನು ಇವತ್ತಿಗೂ ಇದೆ. ಇನ್ನೂರು ವರ್ಷ ಆದ್ರೂ ಜನ ಅವನ ಹೆಸರು ಹೇಳ್ತಾರೆ!"

"ಕಾನೂನಿಗೆ ಕೈ ಮುಗಿಯೋಣ." ಗುರುಗಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಆ ಹಿಮದಲ್ಲಿ ಬಿದ್ದವರಲ್ಲಿ ಒಬ್ಬನ ಹೆಸರು ಹೇಳು."

"ಪುಸ್ತಕದಲ್ಲಿ ಇಲ್ಲ ಬುದ್ಧಿ."

"ಅಷ್ಟು ದಪ್ಪ ಪುಸ್ತಕದಲ್ಲಿ, ಒಬ್ಬಂದೂ ಇಲ್ಲ?"

"ಇಲ್ಲ."

ಗುರುಗಳು ಎದ್ದರು. ಬಾವಿ ಹಗ್ಗ ಬಿಚ್ಚಿ ತಂದು ಅವನ ಹೆಗಲಿಗೆ ಹಾಕಿದರು.

"ಕೆಸರಲ್ಲಿ ನಿಂತಿರೋರ ಹೆಸರು?"

"ಮುರಿಗೆಯ್ಯ, ಅಡಿವೆಪ್ಪ, ಸಣ್ಣ ಈರಯ್ಯ..."

"ನನಗೆ ಹೇಳಿ ಏನಾಗಬೇಕು? ಹೊಳೆ ದಂಡೇಲಿ ನಿಂತು ಕೂಗು. ಪುಸ್ತಕಕ್ಕೆ ಸೇರದೆ ಹೋದರೂ ಚಿಂತೆ ಇಲ್ಲ, ಪಂಕ್ತಿಗೆ ಬಂದು ಸೇರಲಿ."