ಹೆಗ್ಗಣವನ್ನು ಆರಿಸಿದ ಊರು

ಕೇಳ್ರಪ್ಪೋ ಕೇಳಿ, ಆಕಳಿಸೋರು ಹಿಂದೆ ಹೋಗಿ ಕೂತ್ಕೊಳ್ಳಿ! ಹೊಟ್ಟೆರಾಯ ಅನ್ನೋ ರಾಜನದು ಒಂದು ರಾಜ್ಯ ಇತ್ತು. ಅಲ್ಲಿ ಪ್ರಾಣಿಗಳಿಗೂ ಮಾತು ಬರ್ತಿತ್ತು. ಮನುಷ್ಯರಿಗಿಂತ ಜಾಸ್ತೀನೇ ಬರ್ತಿತ್ತು.

ಊರಿಗೆಲ್ಲ ಒಂದೇ ಕಣಜ. ವರ್ಷದ ಅಕ್ಕಿಯೆಲ್ಲ ಅದರೊಳಗೆ. ಕಾವಲಿದ್ದ ಮುದಿ ನಾಯಿ ಸತ್ತುಹೋಯ್ತು. ರಾಜ ಡಂಗುರ ಹೊಡೆಸಿದ: "ಬರೋ ಸೋಮವಾರ ಕಾವಲಿಗೆ ಒಬ್ಬರನ್ನ ಆರಿಸಿ! ಕಣಜದ ಕೀಲಿಕೈ ಅವರಿಗೇ!"

ನಿಂತವರು ಇಬ್ಬರೇ. ಒಬ್ಬಳು ಬೆಕ್ಕು ಬೆಳ್ಳಕ್ಕ. ಇನ್ನೊಬ್ಬ ಯಾರು ಗೊತ್ತಾ? ಹೆಗ್ಗಣ ದಪ್ಪಣ್ಣ! ಅಕ್ಕಿಗೆ ಹೆಗ್ಗಣ ಕಾವಲು! ನಗಬೇಡಿ, ಆ ಊರೋರಿಗೆ ಅಳುವೇ ಬಂದಿತ್ತು. ಇವನ ಕೈಗೆ ಕೀಲಿ ಸಿಕ್ಕಿದ್ರೆ ವರ್ಷವೆಲ್ಲ ಉಪವಾಸ.

ದಪ್ಪಣ್ಣ ಮೊದಲು ಕುಂಬಾರ ಚೌಡಣ್ಣನ ಮನೆಗೆ ನುಗ್ಗಿದ. "ನನ್ನನ್ನೇ ಆರಿಸ್ತೀನಿ ಅಂತ ಆಣೆ ಇಡು. ಇಲ್ದಿದ್ರೆ ಗೋಡೆಗೆಲ್ಲ ಬಿಲ!" ಚೌಡಣ್ಣ ಆಣೆ ಇಟ್ಟ.

ಆಮೇಲೆ ನೇಕಾರ ಸಿಂಗ್ರಪ್ಪನ ಮನೆ. "ಆಣೆ ಇಡು. ಇಲ್ದಿದ್ರೆ ಮಗ್ಗದ ಮೇಲಿನ ಸೀರೆಗೆಲ್ಲ ತೂತು!" ಅವನೂ ಇಟ್ಟ.

ಆಮೇಲೆ ಅರಮನೆ ಅಡುಗೆಯ ಕಾಳಜ್ಜಿ ಮನೆ. "ಏಯ್ ಮುದುಕಿ, ಆಣೆ ಇಡು. ಇಲ್ದಿದ್ರೆ ನಿನ್ನ ಮೊಮ್ಮಗಳ ಕಾಲ್ಬೆರಳು ಕಚ್ತೀನಿ!"

ಅಜ್ಜಿ ನಕ್ಕಳು. "ಅದಕ್ಯಾಕಪ್ಪ ಕೋಪ? ಅನ್ನದಾಣೆ, ನಿನ್ನನ್ನೇ ಆರಿಸ್ತೀನಿ. ಊರೋರೂ ನಿನ್ನನ್ನೇ ಆರಿಸೋ ಹಾಗೆ ನಾನೇ ಹೇಳ್ತೀನಿ, ಹೋಗು!"

ಸೋಮವಾರ ಬಂತು. ಊರೆಲ್ಲ ಅರಮನೆ ಅಂಗಳದಲ್ಲಿ!

"ಯಾರನ್ನ ಆರಿಸಿದ್ರಿ?" ಅಂದ ರಾಜ.

"ದಪ್ಪಣ್ಣನ್ನ!" ಅಂದ ಚೌಡಣ್ಣ. "ದಪ್ಪಣ್ಣನ್ನ!" ಅಂದ ಸಿಂಗ್ರಪ್ಪ. "ದಪ್ಪಣ್ಣನ್ನ!" ಅಂತು ಊರಿಗೆ ಊರೇ. ಬೆಳ್ಳಕ್ಕನ ಹೆಸರು ಒಬ್ಬರೂ ಎತ್ತಲಿಲ್ಲ. ದಪ್ಪಣ್ಣ ಮೀಸೆ ತಿರುವುತ್ತಾ ಕೀಲಿಗೆ ಕೈ ಚಾಚಿದ.

"ತಡೀರಿ ಬುದ್ಧಿ!" ಅಂತ ಕೂಗಿದಳು ಕಾಳಜ್ಜಿ. "ಇವನು ಹೆದರಿಸಿ ಆಣೆ ಇಡಿಸಿಕೊಂಡ ಹಾಗೇ ಆರಿಸಿದ್ದು ಆಯ್ತು. ಬಿಸಾಡೋದು ಇನ್ನೂ ಬಾಕಿ ಇದೆ!"

"ಬಿಸಾಡೋದಾ?" ಅಂದ ರಾಜ.

"ಹೂಂ ಮತ್ತೆ! ದಿನಾ ನಿಮ್ಮ ಊಟಕ್ಕೆ ಅಕ್ಕಿ ಆರಿಸೋಳು ನಾನು. ಮೊರದಲ್ಲಿ ಏನನ್ನ ಆರಿಸ್ತೀನಿ? ಕಲ್ಲನ್ನ! ಆರಿಸಿದ್ದು ತಿಪ್ಪೆಗೆ, ಉಳಿದದ್ದು ಮಡಕೆಗೆ."

ಜನ ಹೋ ಅಂತ ನಕ್ಕರು. ದಪ್ಪಣ್ಣ ಕಿರುಚಿದ: "ಮೋಸ! ಆರಿಸೋದು ಅಂದ್ರೆ ಆಯ್ಕೆ!"

"ಆಯ್ಕೆನೇ ಕಣಪ್ಪ. ಸೊಪ್ಪಲ್ಲಿ ಹುಳ ಆಯ್ತೀನಲ್ಲ, ಅದೂ ಆಯ್ಕೆನೇ!"

"ಊರೆಲ್ಲ ನನ್ನನ್ನ ಎತ್ತಿ ಹಿಡಿದಿದೆ!"

"ಎಲ್ಲಿ ಹಿಡಿದಿದೆ? ಇರು, ನಾನು ಹಿಡೀತೀನಿ!" ಅಂದವಳೇ ಬಾಲ ಹಿಡಿದು ಎತ್ತೇಬಿಟ್ಟಳು! ಗಿರ್ರ್, ಗಿರ್ರ್, ಗಿರ್ರ್, ಮೂರು ಸುತ್ತು! ದಪ್ಪಣ್ಣ ಕೋಟೆ ಗೋಡೆ ದಾಟಿ ಆಚೆ ತಿಪ್ಪೇಲಿ ಪೊತಕ್!

ರಾಜನಿಗೆ ನಕ್ಕು ನಕ್ಕು ಹೊಟ್ಟೆ ಕುಣೀತು. "ಆಣೆಯೂ ಉಳೀತು, ಅಕ್ಕಿಯೂ ಉಳೀತು! ಉಳಿದದ್ದು ಮಡಕೆಗೆ ಅಂದ್ಯಲ್ಲ ಅಜ್ಜಿ, ಕೀಲಿ ಬೆಳ್ಳಕ್ಕನಿಗೆ!"

"ಅವನು ಮತ್ತೆ ಬಂದ್ರೆ?" ಅಂದ ಸಿಂಗ್ರಪ್ಪ.

ಬೆಳ್ಳಕ್ಕ ತುಟಿ ಸವರಿಕೊಂಡಳು. "ಬರಲಿ ಬಿಡಿ."

ನೀತಿ ಏನಪ್ಪಾ ಅಂದ್ರೆ, ಹೆದರಿಸಿ ಇಡಿಸಿಕೊಂಡ ಆಣೆ ಇಡಿಸಿಕೊಂಡವನಿಗೇ ಉರುಳು. ಮತ್ತೆ, ಯಾರನ್ನೇ ಆರಿಸಿ, ಅಕ್ಕಿ ಯಾವುದು ಕಲ್ಲು ಯಾವುದು ನೋಡಿ ಆರಿಸಿ. ಇಲ್ದಿದ್ರೆ ಮುರಿಯೋದು ನಿಮ್ಮದೇ ಹಲ್ಲು!